ಗೋಡಂಬಿ ಡಬ್ಬಕ್ಕೆ ಬೇರೆ ಚಮಚ ಇಡಿ

“ಬಾದಾಮೀಲಿ ಗೋಧಿ ಎಲ್ಲಿಂದ ಬತ್ತದೆ ರೈಟ್ರೇ?” ನಂಜನಗೂಡಿರಲಿ, ಟಿ. ನರಸೀಪುರವಿರಲಿ, ದಿನಸಿ ಅಂಗಡಿಯವರು ನನ್ನನ್ನು ಕೇಳುವ ಪ್ರಶ್ನೆ ಇದೇ. ಕೇಳುವುದರಲ್ಲಿ ತಪ್ಪೇನಿಲ್ಲ. ಬಾದಾಮಿ ಮರದಲ್ಲಿ ಬಿಡುವ ಬೀಜ, ಗೋಧಿ ಹೊಲದ ಬೆಳೆ. ಒಂದು ಕ್ಯಾಲಿಫೋರ್ನಿಯಾದಿಂದ ಹಡಗು ಹತ್ತಿ ಬರುತ್ತದೆ, ಇನ್ನೊಂದು ಉತ್ತರದ ರಾಜ್ಯಗಳಿಂದ ರೈಲು ಹತ್ತಿ. ಎರಡೂ ಮುಖಾಮುಖಿಯಾಗುವುದು ನಮ್ಮೂರ ಅಂಗಡಿಯ ತಕ್ಕಡಿ ತಟ್ಟೆಯಲ್ಲಿ. ಆ ತಟ್ಟೆಯ ಪಕ್ಕದಲ್ಲೇ ಕುಳಿತು ನಾನು ಆಯುಷ್ಯದ ಬಹುಪಾಲು ಕಳೆದಿದ್ದೇನೆ. ಟಿ. ನರಸೀಪುರದಲ್ಲಿ ಸಗಟು, ಚಿಲ್ಲರೆ ಎರಡೂ ನಡೆಸುತ್ತಿದ್ದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಕೆಲಸ ಬಿಟ್ಟು ನಂಜನಗೂಡಿಗೆ ಬಂದು ನೆಲೆಸಿದ ಮೇಲೂ ಹಳಬರ ಬಾಯಲ್ಲಿ ನಾನು ರೈಟ್ರೇ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಪುಸ್ತಕ ತೆಗೆಯಬೇಕಾಗಿಲ್ಲ.

ಅಂಗಡಿಯ ಒಂದು ಬೆಳಗನ್ನು ನೆನೆಸಿಕೊಳ್ಳಿ. ಬಾಗಿಲು ತೆಗೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚುವಷ್ಟರಲ್ಲಿ ಪಕ್ಕದ ಹೋಟೆಲ್ಲಿನ ಹುಡುಗ ಮೈದಾಕ್ಕೆ ಬಂದು ನಿಂತಿರುತ್ತಾನೆ. ಪೂರಿ, ಪರೋಟಕ್ಕೆಂದು ಐದು ಕೆಜಿ. ನಮ್ಮ ಅಂಗಡಿ ಹುಡುಗ ಐವತ್ತು ಕೆಜಿಯ ಬಿಳಿ ಚೀಲದ ಬಾಯಿ ಬಿಚ್ಚಿ, ತಗಡಿನ ಚಮಚದಲ್ಲಿ ಮೊಗೆಮೊಗೆದು ತಟ್ಟೆಗೆ ಸುರಿಯುತ್ತಾನೆ. ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಹುಡುಗನ ಹುಬ್ಬು, ತೆರೆದಿಟ್ಟ ಡಬ್ಬಗಳ ಅಂಚು, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿ ಪಟದ ಗಾಜು, ಎಲ್ಲದರ ಮೇಲೂ ತೆಳ್ಳಗೆ ಬಿಳುಪು. ಅವನ ಹಿಂದೆಯೇ ಬಂದ ಹೆಂಗಸು ಪಾಯಸಕ್ಕೆ ನೂರು ಗ್ರಾಂ ಗೋಡಂಬಿ, ಐವತ್ತು ಗ್ರಾಂ ದ್ರಾಕ್ಷಿ ಕೇಳುತ್ತಾಳೆ. ತಟ್ಟೆಯನ್ನು ಅಂಗೈಗೆ ಎರಡು ಸಲ ಬಡಿದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿದರೆ ಮುಗಿಯಿತು, ಅದೇ ತಟ್ಟೆಗೆ ಗೋಡಂಬಿ. ಚಮಚ ಗೋಡಂಬಿ ಡಬ್ಬದ್ದೇ ಆಗಿದ್ದರೆ ಆಕೆಯ ಪುಣ್ಯ. ಕೈಗೆ ಸಿಕ್ಕಿದ್ದು ಮೈದಾದ್ದಾದರೂ ನಡೆಯುತ್ತದೆ. ಆ ಟವೆಲ್ಲು ಬೆಳಗಿನಿಂದ ರವೆ, ಮೈದಾ, ಗೋಧಿಹಿಟ್ಟು ಎಲ್ಲವನ್ನೂ ಒರೆಸಿದ ಟವೆಲ್ಲು. ಇದನ್ನು ಕೊಳಕು ಎನ್ನುವಂತಿಲ್ಲ. ನಮ್ಮ ಸಾಹುಕಾರರು ಚೊಕ್ಕಟಕ್ಕೆ ಹೆಸರಾದವರು. ಒಂದು ಇರುವೆ ಕಂಡರೂ ಹುಡುಗರಿಗೆ ಬೈಗುಳ ಬೀಳುತ್ತಿತ್ತು. ಹಿಟ್ಟಿನ ಧೂಳನ್ನು ಮಾತ್ರ ಯಾರೂ ಕೊಳೆ ಎಂದು ಎಣಿಸುತ್ತಿರಲಿಲ್ಲ. ಈಗಲೂ ಎಣಿಸುವುದಿಲ್ಲ.

ಮೈದಾ ಚೀಲದ ಕತೆಯನ್ನೂ ಹೇಳಿಬಿಡುತ್ತೇನೆ. ಆಗ ಮೈದಾ ಬರುತ್ತಿದ್ದುದು ಹತ್ತಿ ಬಟ್ಟೆಯ ಚೀಲದಲ್ಲಿ. ಖಾಲಿಯಾದರೆ ಬಿಸಾಡುವ ಪದ್ಧತಿಯೇ ಇರಲಿಲ್ಲ. ಹೊಲಿಗೆ ಬಿಚ್ಚಿ ಕೊಡವಿ, ಮಳೆಗಾಲದಲ್ಲಿ ಮೆತ್ತಗಾದ ಉತ್ತುತ್ತೆಯನ್ನು ಬಿಸಿಲಿಗೆ ಹಾಕಲು ಹಾಸುತ್ತಿದ್ದೆವು. ಕಡಲೆಬೀಜ, ಹುರಿಗಡಲೆ ತುಂಬಿಡುತ್ತಿದ್ದೆವು. ಮನೆಗೆ ಒಯ್ದವರು ಅದರ ಮೇಲೆ ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದರು. ನೇಯ್ಗೆಯ ಎಳೆಎಳೆಯಲ್ಲೂ ಮೈದಾ ಕೂತಿರುತ್ತಿತ್ತು, ಕೊಡವಿದರೆ ಹೋಗುವಂಥದ್ದಲ್ಲ.

ಹಬ್ಬ ಹತ್ತಿರವಾದರೆ ರಾತ್ರಿ ಪ್ಯಾಕಿಂಗು. ವರಮಹಾಲಕ್ಷ್ಮಿಗೆ ದ್ರಾಕ್ಷಿ, ಗೋಡಂಬಿ, ಕಲ್ಲುಸಕ್ಕರೆ. ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲದಚ್ಚು. ಸೀಲಿಂಗ್ ಯಂತ್ರ ಬರುವ ಮೊದಲು ಪ್ಲಾಸ್ಟಿಕ್ ಕವರಿನ ಬಾಯನ್ನು ಗರಗಸದ ಬ್ಲೇಡಿಗೆ ಮಡಚಿ ಹಿಡಿದು, ಮೇಣದ ಬತ್ತಿಯ ಉರಿಗೆ ಸರ್ರನೆ ಎಳೆಯುತ್ತಿದ್ದೆವು. ಬೆರಳು ಸುಟ್ಟುಕೊಳ್ಳದೆ ಎಳೆಯುವುದೇ ಒಂದು ವಿದ್ಯೆ. ಎಂಟು ಗಂಟೆಯವರೆಗೆ ಅರ್ಧ ಕೆಜಿ ರವೆ, ಒಂದು ಕೆಜಿ ಮೈದಾ ಪೊಟ್ಟಣ. ಆಮೇಲೆ ಅದೇ ಹಲಗೆಯ ಮೇಲೆ, ಅದೇ ಕೈಗಳಿಂದ, ದ್ರಾಕ್ಷಿ ಗೋಡಂಬಿ ಪೊಟ್ಟಣ. ನೋಡಿದವರಿಗೆ ಅದು ಮುಚ್ಚಿದ ಪ್ಯಾಕೆಟ್ಟು. ಊರಲ್ಲಿ ಇವತ್ತು ಸಿಗುವ ಎಷ್ಟೋ ಪ್ಯಾಕೆಟ್ಟುಗಳ ಹುಟ್ಟು ಹೀಗೆಯೇ. ಮೇಣದ ಬತ್ತಿ ಹೋಗಿ ಯಂತ್ರ ಬಂದಿದೆ, ಹಲಗೆ ಅದೇ.

ಇಷ್ಟನ್ನೆಲ್ಲ ಈಗ ಎತ್ತಲು ಕಾರಣ ನನ್ನ ಹೆಂಡತಿ. ಐವತ್ತು ದಾಟಿದ ಮೇಲೆ ಆಕೆಗೆ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು. ಅದಕ್ಕೂ ಹಿಂದೆ ಎಷ್ಟೋ ವರ್ಷ ಅದರ ಹೆಸರು ಗ್ಯಾಸ್ಟ್ರಿಕ್. ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ರಕ್ತ ಏರಲಿಲ್ಲ. ಕಡೆಗೆ ಮೈಸೂರಿನಲ್ಲಿ ರಕ್ತದ ಪರೀಕ್ಷೆ, ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡುವುದು ಎಲ್ಲ ಆಗಿ ರೋಗ ಖಚಿತವಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಇಂಥವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಒಳಗೋಡೆಯ ನವಿರಾದ ಕುಚ್ಚುಗಳು ಸವೆಯುತ್ತವೆ, ತಿಂದದ್ದರ ಸಾರ ಮೈಗೆ ಹತ್ತುವುದಿಲ್ಲ. ಇದಕ್ಕೆ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ, ಅದೂ ಬದುಕಿರುವಷ್ಟು ದಿನ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಎಂಬಾತ ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತನ್ನ ಪ್ರಬಂಧದಲ್ಲಿ ಬರೆದದ್ದು 1950ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪಥ್ಯ ಬದಲಾಗಿಲ್ಲ.

ಓದುಗರಲ್ಲಿ ಯಾರಿಗಾದರೂ ಇಂಥ ಅನುಮಾನವಿದ್ದರೆ ಒಂದು ಮಾತು: ಪರೀಕ್ಷೆ ಆಗುವ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲೂ ಕರುಳಿನಲ್ಲೂ ಗುರುತು ಮಾಸಿ, ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರಬಹುದು.

ಅನ್ನ, ಮುದ್ದೆ ಉಣ್ಣುವ ನಮ್ಮ ಸೀಮೆಗೆ ಇದೆಲ್ಲಿಂದ ಬಂತು ಎಂದು ನನಗೂ ಅನ್ನಿಸಿತ್ತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಹರಿಯಾಣ, ಅಸ್ಸಾಂ, ವೆಲ್ಲೂರು, ಈ ಮೂರು ಕಡೆಯ 23,331 ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷಿಸಿದರು. ಈ ಕಾಯಿಲೆಯ ಪ್ರತಿಕಾಯ ಕಂಡದ್ದು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಮಂದಿಗೆ. ಕಾಯಿಲೆಗೆ ಎಡೆ ಮಾಡಿಕೊಡುವ ವಂಶವಾಹಿ ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ದಿನಕ್ಕೆ ಉತ್ತರದವರು ತಿನ್ನುತ್ತಿದ್ದ ಗೋಧಿ 455 ಗ್ರಾಂ, ದಕ್ಷಿಣದವರದ್ದು 25 ಗ್ರಾಂ. ಈಗ ನಮ್ಮ ಕಡೆ ಸಕ್ಕರೆ ಕಾಯಿಲೆಯ ಹೆದರಿಕೆಗೆ ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದ ಮನೆಗಳನ್ನು ಎಣಿಸಿ ನೋಡಿ. ನಂಜನಗೂಡಿನ ನಮ್ಮ ಬೀದಿಯಲ್ಲಿ ಹಿಡಿಯದ ಮನೆಯನ್ನು ಎಣಿಸುವುದೇ ಸುಲಭ. ನಮ್ಮ ಮನೆಯಾಕೆಯೂ ಹಾಗೆ ಹಿಡಿದವಳೇ. ಮೇಲಾಗಿ ಸೋಮವಾರ ನಂಜುಂಡೇಶ್ವರನ ಒಪ್ಪತ್ತು; ಒಪ್ಪತ್ತಿನ ರಾತ್ರಿ ಅನ್ನವಿಲ್ಲ, ಗೋಧಿರವೆ ಉಪ್ಪಿಟ್ಟು.

ರೋಗ ಗೊತ್ತಾದ ಮೇಲೆ ಉಪ್ಪಿಟ್ಟು ಹೋಗಿ ಸೋಮವಾರದ ರಾತ್ರಿಗೆ ಖರ್ಜೂರ, ದ್ರಾಕ್ಷಿ, ಬಾದಾಮಿ, ಬಾಳೆಹಣ್ಣು ಬಂದವು. ಒಣಹಣ್ಣಿಗಿಂತ ನಿರಪಾಯದ್ದು ಇನ್ನೇನಿದೆ ಎಂದು ಮನೆಮಂದಿಯೆಲ್ಲ ನಂಬಿದ್ದೆವು. ಹೊಟ್ಟೆ ಸರಿಹೋಗಲಿಲ್ಲ. ವೈದ್ಯರು ಏನೇನು ತಿನ್ನುತ್ತೀರಿ ಎಂದು ಕೇಳಿದರು, ಹೇಳಿದೆವು. ಎಲ್ಲಿ ಕೊಳ್ಳುತ್ತೀರಿ ಎಂದು ಕೇಳಿದಾಗ ಮಾತ್ರ ನನ್ನ ಕಣ್ಣಿಗೆ ಆ ತಟ್ಟೆ, ಆ ಟವೆಲ್ಲು ಬಂದು ನಿಂತವು.

ಎಷ್ಟು ಹಿಟ್ಟು ಬಿದ್ದರೆ ತೊಂದರೆ? ಗುಮಾಸ್ತನಾದ್ದರಿಂದ ಲೆಕ್ಕ ಹಾಕದೆ ನನಗೆ ಸಮಾಧಾನವಿಲ್ಲ. ಒಂದು ಕೆಜಿ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇಲ್ಲದಿದ್ದರೆ ಮಾತ್ರ ಅದನ್ನು ಗ್ಲುಟೆನ್‌ರಹಿತ ಎನ್ನಬಹುದು. ಭಾರತದ ನಿಯಮವೂ ಅದೇ, ಅಂತರರಾಷ್ಟ್ರೀಯ ಮಾನದಂಡವೂ ಅದೇ. ಮೈದಾದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಗ್ಲುಟೆನ್. ಅಂದರೆ ಒಂದು ಕೆಜಿ ದ್ರಾಕ್ಷಿಗೆ 200 ಮಿಲಿಗ್ರಾಂ ಮೈದಾ ಬೆರೆತರೆ ಗೆರೆ ಮುಟ್ಟಿತು. 200 ಮಿಲಿಗ್ರಾಂ ಎಂದರೆ ಎರಡು ಬೆರಳಿಗೆ ಸಿಗುವ ಒಂದು ಚಿಟಿಕೆಯೂ ಅಲ್ಲ. ಮೈದಾದ ಚಮಚವನ್ನು ಕೊಡವದೆ ದ್ರಾಕ್ಷಿ ಡಬ್ಬಕ್ಕೆ ಇಳಿಸಿದರೆ ಅಷ್ಟು ಧಾರಾಳವಾಗಿ ಬೀಳುತ್ತದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೂ ಕರುಳು ಹಾಳಾಗುತ್ತದೆ ಎಂದು 2007ರಲ್ಲಿ ಇಟಲಿಯ ವೈದ್ಯರು ತೋರಿಸಿದ್ದಾರೆ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಎರಡು ಗ್ರಾಂ ಆಸುಪಾಸು ಇರುತ್ತದೆ. ಅದರ ನಲವತ್ತನೇ ಒಂದು ಪಾಲು ಸಾಕು. ಇದು ಅಲರ್ಜಿಯ ಹಾಗೆ ತಿಂದ ಕೂಡಲೇ ಮೈಮೇಲೆ ದದ್ದು ಎದ್ದು ಹೇಳುವ ಕಾಯಿಲೆಯಲ್ಲ. ಎಷ್ಟೋ ಸಲ ಏನೂ ಆಗದಂತೆ ಕಾಣುತ್ತದೆ, ಒಳಗೆ ಕರುಳು ಸವೆಯುತ್ತಿರುತ್ತದೆ. “ಒಂದ್ ಸಲ ತಿಂದ್ರೆ ಏನಾಯ್ತದೆ ಅಕ್ಕ” ಎಂದು ಪ್ರಸಾದ ಕೊಡುವವರಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ. ನಮ್ಮ ನೆಂಟರಲ್ಲಿ ಕೆಲವರು ಆಕೆಗೆ ಈ ವಯಸ್ಸಲ್ಲಿ ಮಡಿ ಹೆಚ್ಚಾಯಿತು ಎಂದೇ ತಿಳಿದಿದ್ದಾರೆ.

ವ್ಯಾಪಾರದ ಒಳಗಿದ್ದವನಾಗಿ ನಾನು ಖಚಿತವಾಗಿ ಹೇಳಬಲ್ಲದ್ದು ಇದು: ಸರಕು ಹೊರಡುವ ಜಾಗದಲ್ಲಿ ಅಪಾಯ ಕಡಿಮೆ, ನಮ್ಮೂರಿಗೆ ಬಂದು ಬಿಚ್ಚಿದ ಮೇಲೆ ಹೆಚ್ಚು. ಕರಾವಳಿಯ ಗೋಡಂಬಿ ಕಾರ್ಖಾನೆಯಲ್ಲಿ ಗೋಡಂಬಿ ಬಿಟ್ಟು ಬೇರೇನಿರುವುದಿಲ್ಲ. ಅಲ್ಲಿ ಬೀಜ ಒಡೆದು, ಸಿಪ್ಪೆ ಸುಲಿದು, 240, 320 ಎಂದು ಗಾತ್ರದ ಮೇಲೆ ವಿಂಗಡಿಸಿ, ಹತ್ತು ಕೆಜಿ ಟಿನ್ನಿನಲ್ಲಿ ಗಾಳಿಯಾಡದಂತೆ ಮುಚ್ಚುತ್ತಾರೆ. ವಿಜಯಪುರದ ಒಣದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಒಣಗಿ ನೇರ ಪೆಟ್ಟಿಗೆ ಸೇರುತ್ತದೆ. ಖರ್ಜೂರ ಕೊಲ್ಲಿ ದೇಶಗಳ ಪೆಟ್ಟಿಗೆಯಲ್ಲೇ ಬರುತ್ತದೆ. ಮೈಸೂರಿನ ಸಂತೇಪೇಟೆಯ ಸಗಟು ಅಂಗಡಿಯಿಂದ ಟೆಂಪೋ ಹತ್ತುವವರೆಗೂ ಬಹುಮಟ್ಟಿಗೆ ಇವು ಮುಚ್ಚಿದ ಬಾಯಿಯವೇ. ಬಾಯಿ ಬಿಚ್ಚುವುದು ನಂಜನಗೂಡಿನಲ್ಲಿ, ನರಸೀಪುರದಲ್ಲಿ, ಮೈದಾ ಚೀಲದ ಮಗ್ಗುಲಲ್ಲಿ.

ಹಾಗಾಗಿ ನಾನು ಕೊಳ್ಳುವ ರೀತಿಯನ್ನೇ ಬದಲಿಸಿದ್ದೇನೆ. ಅಂಗಡಿಯವರನ್ನು “ಇದರಲ್ಲಿ ಗೋಧಿ ಇದೆಯಾ” ಎಂದು ಕೇಳುವುದನ್ನು ಬಿಟ್ಟೆ. ಇಲ್ಲ ಎಂದೇ ಹೇಳುತ್ತಾರೆ, ಅದು ಅವರ ಮಟ್ಟಿಗೆ ನಿಜ ಕೂಡ. “ಈ ಡಬ್ಬದ ಚಮಚ ಯಾವುದು” ಎಂದು ಕೇಳುತ್ತೇನೆ. “ಹೊಸ ಟಿನ್ನು ಯಾವಾಗ ಬಿಚ್ಚುತ್ತೀರಿ” ಎಂದು ಕೇಳುತ್ತೇನೆ. ಹಬ್ಬಕ್ಕೆ ಮುಂಚೆ ಪರಿಚಯದ ಅಂಗಡಿಯಲ್ಲಿ ಹೇಳಿಟ್ಟು, ಟಿನ್ನಿನ ಮುಚ್ಚಳ ತೆಗೆದ ಕೂಡಲೇ ಮನೆಯಿಂದ ಒಯ್ದ ಸ್ಟೀಲು ಡಬ್ಬಕ್ಕೆ ನೇರ ಸುರಿಸಿಕೊಳ್ಳುತ್ತೇನೆ. ಡಬ್ಬದ ತೂಕ ಮೊದಲೇ ಕಳೆದರಾಯಿತು. ಇಡೀ ಬೀಜವನ್ನಷ್ಟೇ ಕೊಳ್ಳುತ್ತೇನೆ. ಅಗ್ಗಕ್ಕೆ ಸಿಗುವ ಗೋಡಂಬಿ ಚೂರು ಬೇಡ. ಡಬ್ಬದ ತಳದಲ್ಲಿ ಉಳಿದದ್ದೆಲ್ಲ ಬಂದು ಸೇರುವುದು ಆ ಚೂರಿಗೇ. ಅಕ್ರೋಟು ಚಿಪ್ಪಿನೊಳಗಿದ್ದರೆ, ಕಡಲೆಕಾಯಿ ಬಿಡಿಸದೇ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ; ದೇವರೇ ಮಾಡಿದ ಪ್ಯಾಕಿಂಗ್ ಅದು, ಮನೆಗೆ ತಂದು ಒಡೆದುಕೊಂಡರೆ ಸಾಕು. ಕೊಬ್ಬರಿ ಗಿಟುಕನ್ನು ಇಡಿಯಾಗಿ ತಂದು ಮನೆಯಲ್ಲಿ ತುರಿಯುತ್ತೇವೆ. ಕತ್ತರಿಸಿದ ಖರ್ಜೂರದ ತಂಟೆಗೆ ಹೋಗುವುದಿಲ್ಲ. ತುಂಡುಗಳು ಒಂದಕ್ಕೊಂದು ಅಂಟದಿರಲೆಂದು ಹೊರದೇಶಗಳ ಕೆಲವು ಕಾರ್ಖಾನೆಗಳಲ್ಲಿ ಓಟ್ಸ್ ಹಿಟ್ಟು ಉದುರಿಸುವುದುಂಟು.

ತೊಳೆದರೆ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನುಣುಪಾದ ಇಡೀ ಬಾದಾಮಿಯಲ್ಲಿ ಮೇಲಿನ ಧೂಳು ಬಹುಪಾಲು ಹೋದೀತು. ಸುಕ್ಕುಸುಕ್ಕಾದ ದ್ರಾಕ್ಷಿ, ಸೀಳಿದ ಗೋಡಂಬಿ, ಮಡಿಕೆ ಮಡಿಕೆಯಾದ ಅಕ್ರೋಟಿನ ತಿರುಳಿಗೆ ಆ ಭರವಸೆ ಕೊಡಲಾರೆ. ತುಪ್ಪದಲ್ಲಿ ಹುರಿದರೆ ಗ್ಲುಟೆನ್ ಸಾಯುವುದಿಲ್ಲ, ಅದು ಕ್ರಿಮಿಯಲ್ಲ.

ಮಸಾಲೆ ಹಾಕಿದ ಬೀಜಗಳದ್ದು ಬೇರೆಯೇ ರಾಮಾಯಣ. ಬೇಕರಿಗಳಲ್ಲಿ ಸಿಗುವ ಕಾಂಗ್ರೆಸ್ ಕಡಲೆಬೀಜ ನೋಡಿ: ಕಡಲೆಬೀಜ, ಮೆಣಸು, ಅರಿಶಿನ, ಕರಿಬೇವು, ಇಂಗು. ಇದರಲ್ಲಿ ಗೋಧಿ ಎಲ್ಲಿ? ಇಂಗಿನಲ್ಲಿ. ಅಪ್ಪಟ ಇಂಗು ಬಳಸಲಾಗದಷ್ಟು ಘಾಟು, ಅದಕ್ಕೇ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಕೆಲವು ಕಂಪನಿಗಳಲ್ಲಿ ಅಕ್ಕಿಯದ್ದು, ಬಹಳಷ್ಟರಲ್ಲಿ ಮೈದಾ ಅಥವಾ ಗೋಧಿಯದ್ದು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಮೇಲೆ ಹಿಟ್ಟಿನ ಕವಚವಿರುವ ಕಡಲೆಬೀಜದಲ್ಲಿ ಕಡಲೆಹಿಟ್ಟಿನ ಜೊತೆಗೆ ಮೈದಾ ಇರುವುದೂ ಉಂಟು. ಕರಿದ ಗೋಡಂಬಿಯನ್ನು ನಿಪ್ಪಟ್ಟು ಕರಿದ ಬಾಣಲೆಯಲ್ಲೇ ಕರಿದಿರಬಹುದು. ಬೇಕರಿಯಲ್ಲಿ ಬ್ರೆಡ್ಡು, ಬನ್ನಿನ ನಡುವೆ ತೆರೆದಿಟ್ಟ ಖಾರದ ಬೀಜವನ್ನು ಸೀಲಿಯಾಕ್ ಇರುವವರು ಮುಟ್ಟಲೇಬಾರದು. ಇದರಲ್ಲಿ ಚರ್ಚೆಯೇ ಇಲ್ಲ.

ಹಾಗಾದರೆ ಕಂಪನಿ ಪ್ಯಾಕೆಟ್ಟನ್ನೇ ಕೊಳ್ಳಿ ಎನ್ನುವವರು ಬಹಳ. ಅರ್ಧ ನಿಜ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ, ಪದಾರ್ಥಗಳಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಮುಂತಾದವು ಇದ್ದರೆ ಪ್ಯಾಕೆಟ್ಟಿನ ಮೇಲೆ ಹೇಳಲೇಬೇಕು. ಆದರೆ ಹಾಕದೇ ಇದ್ದರೂ ಪಕ್ಕದ ಯಂತ್ರದಿಂದ, ಧೂಳಿನಿಂದ ಸೇರಿರಬಹುದಾದದ್ದಕ್ಕೆ “ಇರಬಹುದು” ಎಂದು ಬೇರೆಯಾಗಿ ಹಾಕಬಹುದು ಎಂದಷ್ಟೇ ಇದೆ; ಹಾಕಲೇಬೇಕು ಎಂದಿಲ್ಲ. ಇದರ ಫಲ ಏನೆಂದರೆ, ಪ್ರಾಮಾಣಿಕ ಕಂಪನಿ “ಗೋಧಿ ಇರಬಹುದು” ಎಂದು ಅಚ್ಚು ಹಾಕಿ ಗಿರಾಕಿಯನ್ನು ಕಳೆದುಕೊಳ್ಳುತ್ತದೆ, ಏನೂ ಬರೆಯದವನ ಪ್ಯಾಕೆಟ್ಟು ಶುದ್ಧವಾಗಿ ಕಾಣುತ್ತದೆ. ನನ್ನ ಅನುಭವದಲ್ಲಿ ಏನೂ ಬರೆಯದ ಪೊಟ್ಟಣವೇ ಹೆಚ್ಚು ಅನುಮಾನದ್ದು. ಅದರ ಮೇಲೆ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಬಿಡಿ ಸರಕೆಂದೇ ತಿಳಿಯಬೇಕು. ಇನ್ನು ನಿಜವಾದ ಬಿಡಿ ಸರಕಿಗೆ ಲೇಬಲ್ಲೇ ಇಲ್ಲ. ತಾಲ್ಲೂಕು ಊರುಗಳಲ್ಲಿ ಐವತ್ತು ಗ್ರಾಂ, ನೂರು ಗ್ರಾಂ ಕೊಳ್ಳುವವರೆಲ್ಲ ಕೊಳ್ಳುವುದು ಅದನ್ನೇ. ಗ್ಲುಟೆನ್‌ರಹಿತ ಎಂದು ಮೊಹರು ಒತ್ತಿದ ಬಾದಾಮಿಯ ಬೆಲೆ ನೋಡಿದರೆ ಕೂಲಿ ಮಾಡುವವರ ಮನೆಗೆ ಈ ಕಾಯಿಲೆ ಬರಬಾರದು ಎಂದು ಬೇಡಿಕೊಳ್ಳಬೇಕಷ್ಟೆ.

ಭಾಷೆಯದ್ದೂ ಒಂದು ತಕರಾರಿದೆ. ಲೇಬಲ್ಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ನಿಯಮಕ್ಕೆ ಸಾಕು. ಕನ್ನಡ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು, ಹಾಕುವವರು ಬೆರಳೆಣಿಕೆ. ನನ್ನ ಹೆಂಡತಿ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುವವಳು. ತನ್ನ ಕರುಳಿಗೆ ಸಂಬಂಧಪಟ್ಟ ನಾಲ್ಕು ಪದಗಳಿಗೆ ಮಾತ್ರ ನನ್ನನ್ನೋ ಮೊಮ್ಮಗನನ್ನೋ ಕರೆಯಬೇಕು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ, ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂಬ ಮಾತಿದೆ. ಹೆಸರಿಗಿಂತ ಮೊದಲು ಕನ್ನಡಕ್ಕೆ ಬರಬೇಕಾದದ್ದು ಎಚ್ಚರಿಕೆ. ಗೋಡಂಬಿಯನ್ನು ಗೋಡಂಬಿ ಎಂದು ಕಣ್ಣೇ ಹೇಳುತ್ತದೆ, ಅದಕ್ಕೆ ಅಂಟಿದ ಮೈದಾವನ್ನು ಹೇಳುವುದಿಲ್ಲ.

“ಒಬ್ರಿಗೋಸ್ಕರ ಅಂಗಡೀನೇ ಬದಲಾಯಿಸಕ್ಕಾಯ್ತದಾ?” ಇದು ನನ್ನ ಹಳೆಯ ಸಹೋದ್ಯೋಗಿಯೊಬ್ಬನ ಮಾತು. ಈಗ ಅವನದ್ದೇ ಸ್ವಂತ ಅಂಗಡಿಯಿದೆ. ನ್ಯಾಯವಾದ ಪ್ರಶ್ನೆಯೇ. ವೆಲ್ಲೂರಿನ ಲೆಕ್ಕವನ್ನೇ ನಮಗೂ ಹಿಡಿದರೆ ಸಾವಿರಕ್ಕೆ ಒಬ್ಬರು. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕು ಸೇರಿ ಜನಸಂಖ್ಯೆ ಆರು ಲಕ್ಷಕ್ಕೂ ಮೇಲೆ. ಆರುನೂರು ಜನವಾಯಿತು. ಅವರಲ್ಲಿ ಬಹುಪಾಲು ಮಂದಿ ಈಗಲೂ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿರಬಹುದು. ಇನ್ನು ಅಂಗಡಿ ಬದಲಾಯಿಸುವುದು. ನಮ್ಮ ಹಿಟ್ಟಿನ ಗಿರಣಿಗಳಿಗೆ ಹೋಗಿ ನೋಡಿ. ಖಾರದಪುಡಿಗೆ ಬೇರೆ ಯಂತ್ರ, ರಾಗಿಗೆ ಬೇರೆ. ಮೆಣಸಿನಕಾಯಿ ಬೀಸಿದ ಯಂತ್ರದಲ್ಲಿ ರಾಗಿ ಬೀಸಿಕೊಟ್ಟರೆ ಮರುದಿನ ಮುದ್ದೆ ಉಂಡವರೆಲ್ಲ ಗಿರಣಿ ಮುಂದೆ ಬಂದು ನಿಲ್ಲುತ್ತಾರೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಪುಡಿ ಹೋಗಬಾರದೆಂಬ ತಿಳಿವಳಿಕೆ ನಮ್ಮ ವ್ಯಾಪಾರಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗೋಧಿಯ ಖಾರ ಗೊತ್ತಾಗುವವರು ಕಡಿಮೆ ಜನ, ಅಷ್ಟೇ ವ್ಯತ್ಯಾಸ. ಗಿರಣಿಯವನು ಯಂತ್ರವನ್ನೇ ಬೇರೆ ಇಟ್ಟ, ನಾನು ದಿನಸಿಯವರನ್ನು ಕೇಳುತ್ತಿರುವುದು ಒಂದು ಚಮಚ.

ಒಂದು ಚಮಚ, ಒಂದು ತಟ್ಟೆ, ಮುಚ್ಚಳವಿರುವ ಡಬ್ಬ. ಮೈದಾ, ರವೆ ಚೀಲ ಒಂದು ಮೂಲೆಗೆ, ದ್ರಾಕ್ಷಿ ಗೋಡಂಬಿ ಬಾದಾಮಿ ಅದರ ಎದುರು ಮೂಲೆಗೆ, ಸಾಧ್ಯವಾದರೆ ಮೇಲಿನ ಹಲಗೆಗೆ. ಪ್ಯಾಕಿಂಗ್ ರಾತ್ರಿ ಮೊದಲು ಒಣಹಣ್ಣು, ಆಮೇಲೆ ರವೆ, ಕಡೆಗೆ ಮೈದಾ. ಸರದಿ ತಿರುಗಿಸಿದರೆ ಒಂದು ಪೈಸೆಯೂ ಖರ್ಚಿಲ್ಲ. ನಮ್ಮ ಸಾಹುಕಾರರು ಇದ್ದಿದ್ದರೆ ಲೆಕ್ಕ ಕೇಳಿ, ಎರಡು ಬೈದು, ಮಾಡಿಸಿಯೇ ಬಿಡುತ್ತಿದ್ದರು. ಕೊಳ್ಳುವವರಿಗೂ ಹೇಳುವುದಿದೆ. ಅಂಗಡಿ ತುಂಬ ಜನವಿರುವಾಗ ಹೋಗಿ ಡಬ್ಬ ತೊಳೆಸಿ ಎಂದು ಹಟ ಹಿಡಿದರೆ ಯಾರು ಕೇಳುತ್ತಾರೆ? ಮಧ್ಯಾಹ್ನ ಎರಡರ ಹೊತ್ತಿಗೆ ಹೋಗಿ, ಕಾಯಿಲೆಯ ಹೆಸರು ಹೇಳಿ, ತಿಂಗಳಿಗಾಗುವಷ್ಟು ಒಟ್ಟಿಗೆ ಕೊಳ್ಳಿ. ಖಾಯಂ ಗಿರಾಕಿಗೆ ಒಂದು ಚಮಚ ಬೇರೆ ಇಡದ ಅಂಗಡಿಯವನನ್ನು ನಾನು ಕಂಡಿಲ್ಲ.

ಜಾತ್ರೆಯ ದಿನಗಳ ಮಾತು ಬೇರೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ರಥಬೀದಿಯ ಉದ್ದಕ್ಕೂ ಪುರಿ, ಖಾರ, ಬೆಂಡು ಬತ್ತಾಸು, ಖರ್ಜೂರ ಒಂದೇ ತಾಡಪಾಲಿನ ಮೇಲೆ ಗುಡ್ಡೆ ಗುಡ್ಡೆ. ಟಿ. ನರಸೀಪುರದ ತಿರುಮಕೂಡಲು ಸಂಗಮದಲ್ಲಿ 1989ರಿಂದ ನಡೆದು ಬಂದ ಕುಂಭಮೇಳದಲ್ಲೂ, ಕಳೆದ ಸಲ 2025ರ ಫೆಬ್ರುವರಿಯಲ್ಲಿ ನಡೆದಾಗಲೂ, ಹೊರಗಿನಿಂದ ಬಂದ ವ್ಯಾಪಾರಿಗಳೇ ಹೆಚ್ಚು. ಅಲ್ಲಿ ಚಮಚದ ವಿಚಾರ ಮಾತಾಡುವುದು ವ್ಯರ್ಥ. ಚಿಪ್ಪಿರುವ ಕಡಲೆಕಾಯಿ, ಸಿಪ್ಪೆಯಿರುವ ಬಾಳೆಹಣ್ಣು ಕೊಂಡು ಬನ್ನಿ. ಪ್ರಸಾದದಲ್ಲಿ ರಸಾಯನ ಕೊಟ್ಟರೆ ನಮ್ಮ ಮನೆಯಾಕೆ ತಗೊಳ್ಳುತ್ತಾಳೆ, ಅದೂ ದ್ರಾಕ್ಷಿ ಗೋಡಂಬಿ ಬೀಳದ ಬಾಳೆಹಣ್ಣು, ಬೆಲ್ಲ, ಕಾಯಿತುರಿಯದ್ದಾದರೆ ಮಾತ್ರ. ಸಜ್ಜಿಗೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಹಾಕುತ್ತಾಳೆ. ಎರಡು ಪಾಲು ಪ್ರಸಾದ ತಿಂದು ನಾನು ದಪ್ಪಗಾಗಿದ್ದೇನೆ.

ಸರ್ಕಾರದಿಂದ ನಾನು ಕೇಳುವುದು ದೊಡ್ಡದಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳು ಬಣ್ಣ, ಕಲಬೆರಕೆ ನೋಡಲು ಮಾದರಿ ತೆಗೆಯುತ್ತಾರಲ್ಲ, ಈ ಎರಡು ತಾಲ್ಲೂಕುಗಳ ಅಂಗಡಿಗಳಿಂದ ಬಿಡಿ ದ್ರಾಕ್ಷಿ, ಗೋಡಂಬಿ, ಖರ್ಜೂರದ ಮಾದರಿಯನ್ನೂ ತೆಗೆದು ಗ್ಲುಟೆನ್ ಎಷ್ಟಿದೆ ಎಂದು ಒಮ್ಮೆ ಅಳೆಯಿಸಲಿ. ಅಳೆಯುವ ವಿಧಾನ ಇದೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಸ್ಥೆ ಮೈಸೂರಿನಲ್ಲೇ ಇದೆ, ದೇಶದ ಮೂಲೆಮೂಲೆಯ ಮಾದರಿಗಳು ಅಲ್ಲಿಗೆ ಬರುತ್ತವೆ. ಅಂಕಿ ಕೈಯಲ್ಲಿದ್ದರೆ ವ್ಯಾಪಾರಿಗಳ ಜೊತೆ ಮಾತಾಡುವುದು ಸುಲಭ. ದಂಡ ಹಾಕುವುದು ಬೇಡ. ಪರವಾನಗಿ ನವೀಕರಣಕ್ಕೆ ಬಂದಾಗ ಅರ್ಧ ಪುಟದ ಕನ್ನಡ ಸೂಚನೆ ಕೈಗಿತ್ತರೆ ಸಾಕು. ಸಣ್ಣ ಪ್ಯಾಕಿಂಗ್ ಮಾಡುವವರು “ಗೋಧಿ ಹಿಟ್ಟು ಮಾರುವ ಅಂಗಡಿಯಲ್ಲೇ ಪ್ಯಾಕ್ ಮಾಡಲಾಗಿದೆ” ಎಂದು ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದರೆ ನನಗೆ ಅಷ್ಟೇ ಸಂತೋಷ.

ವರಮಹಾಲಕ್ಷ್ಮಿ ಹಬ್ಬಕ್ಕೆ ಪೊಟ್ಟಣ ಕಟ್ಟುವ ಕೆಲಸ ಸಾಮಾನ್ಯವಾಗಿ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ಎರಡೂ ಊರಿನ ದಿನಸಿ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಈ ಸಲ ಹಲಗೆ ಒರೆಸಿ, ಮೊದಲು ದ್ರಾಕ್ಷಿ ಗೋಡಂಬಿ ಕಟ್ಟಿ ಮುಗಿಸಿ, ಆಮೇಲೆ ಮೈದಾ ಚೀಲದ ಬಾಯಿ ಬಿಚ್ಚಿ.